ಪೈಪಿನೊಳಗೆ ಇಣುಕಿದವರು

ಹಳ್ಳಿಯ ಹುಡುಗ ಹುಡುಗಿಯರಿಗೆ ಕಡಿಮೆ ನೀರಿನಲ್ಲಿ ಭತ್ತ ಬೆಳೆಯೋದನ್ನು ಕಲಿಸೋದು ನನ್ನ ಕೆಲಸ. ಬೆಳಿಗ್ಗೆ ಬಳ್ಳಾರಿಯಲ್ಲಿ ಬಸ್ ಹತ್ತುವಾಗ ಗಂಭೀರವಾಗಿಯೇ ಹತ್ತುತ್ತೇನೆ. ಸಂಜೆ ಒಬ್ಬಳೇ ನಗುತ್ತಾ ಕೂತಿರುತ್ತೇನೆ. ಕಂಡಕ್ಟರ್ ಈಗ ಟಿಕೆಟ್ ಕೊಡುವಾಗಲೇ "ಇವತ್ತೇನಾತ್ರಿ ಮೇಡಂ?" ಅಂತ ಕೇಳುತ್ತಾನೆ.

೧. ಹುಡುಗರ ಸಭೆ

ಕುರುಗೋಡಿನಲ್ಲಿ ಮೊದಲ ಸಭೆ. "ಯುವ ರೈತರು ಮಾತ್ರ ಬರ್ರಿ" ಅಂತ ಊರೂರಿಗೆ ಹೇಳಿ ಕಳಿಸಿದ್ದೆವು. ಹೋಗಿ ನೋಡಿದರೆ ಹಾಲ್ ತುಂಬ ಬಿಳಿ ತಲೆಗಳು! ಮುಂದೆ ಕೂತ ಹಿರಿಯರೊಬ್ಬರನ್ನು "ಯಜಮಾನ್ರ, ಇದು ಹುಡುಗರ ಸಭಿ ಅಲ್ಲೇನ್ರಿ?" ಅಂದೆ.

"ನಾನೂ ಹುಡುಗನ ಅದೀನ್ರಿ. ನಮ್ಮಪ್ಪ ಇನ್ನಾ ಗಟ್ಟಿ ಅದಾನ, ಹೊಲ ಅವನ ಹೆಸರಿನಾಗ ಐತಿ. ಯಾವ ಬೀಜ ಹಾಕ್ಲಿ ಅಂತ ಇವತ್ತಿಗೂ ಅವನ್ನ ಕೇಳ್ತೀನಿ," ಅಂದರು.

ನಿಜವಾದ ಹರೆಯದವಳು ಅಲ್ಲಿ ಒಬ್ಬಳೇ. ದೇಶನೂರಿನ ಹುಡುಗಿ, ಡಿಗ್ರಿ ಮುಗಿಸಿದ್ದಳು. ಅಪ್ಪನನ್ನು ಸ್ಕೂಟಿಯಲ್ಲಿ ಕರೆತಂದು, ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡಳು. ಹೊರಡುವಾಗ ನನ್ನೆದುರೇ ಶುರು ಹಚ್ಚಿಕೊಂಡಳು: "ಅಪ್ಪಾ, ಒಂದು ತುಂಡು ಹೊಲ ನನಗ ಬಿಟ್ಟುಕೊಡು. ನಾನೂ ಮಾಡಿ ನೋಡ್ತೀನಿ."

"ಒಂದ ಬೆಳಿಗೆ ಕೊಡ್ತೀನಿ. ನೆಲ್ಲು ಒಣಗಿತೋ, ಸುಮ್ನ ಬಳ್ಳಾರಿಗೆ ನಿಮ್ಮತ್ತಿ ಮನಿಗೆ ಹೋಗಿ ಜೀನ್ಸ್ ಪ್ಯಾಂಟ್ ಹೊಲೀಬೇಕು ನೋಡು," ಅಂದ ಅಪ್ಪ.

"ಹೋಗ್ತೀನಿ. ಆಮ್ಯಾಲೆ ನಿನ್ನ ಸಭಿಗೆ ಯಾರು ಕರ್ಕೊಂಡು ಬರ್ತಾರ?"

ಅಪ್ಪ ಸ್ಕೂಟಿಯನ್ನೊಮ್ಮೆ, ಮಗಳನ್ನೊಮ್ಮೆ ನೋಡಿ ಹಿಂದಿನ ಸೀಟು ಹತ್ತಿ ಕೂತ. ಅಷ್ಟು ದೂರ ಯೋಚನೆ ಮಾಡಿರಲಿಲ್ಲ, ಪಾಪ.

೨. ಬೋರ್ ಅಲ್ಲರೀ

ಸಿರುಗುಪ್ಪದ ಕಡೆ ಭತ್ತದ ಹೊಲದಲ್ಲಿ ಯಾವಾಗಲೂ ನೀರು ನಿಂತಿರಲೇಬೇಕು ಅಂತಾರೆ ರೈತರು. ಹಾಗೆ ನಿಂತರೆ ಕೆಸರಿನಿಂದ ಅನಿಲ ಎದ್ದು ಭೂಮಿಯ ಬಿಸಿ ಏರುತ್ತದೆ. ಅದಕ್ಕೇ ನಾವು ಸುತ್ತ ತೂತು ಕೊರೆದ ಒಂದು ಪೈಪನ್ನು ಹೊಲದಲ್ಲಿ ಹುಗಿಸುತ್ತೇವೆ. ಮಣ್ಣಿನೊಳಗಿನ ನೀರು ಅದರಲ್ಲಿ ಕಾಣುತ್ತದೆ. ಅದು ಒಂದು ಗೇಣು ಕೆಳಗಿಳಿದ ಮೇಲೆ ಕಾಲುವೆ ನೀರು ಬಿಟ್ಟರೆ ಸಾಕು.

ದೇಶನೂರಿನ ಹುಡುಗಿ ಅಪ್ಪ ಬಿಟ್ಟುಕೊಟ್ಟ ತುಂಡಿನಲ್ಲಿ ಪೈಪು ಹುಗಿದಳು. ಸಿರಿಗೇರಿ ಕಡೆ ಹೋಗೋ ಬೈಕುಗಳೆಲ್ಲ ಅಲ್ಲೇ ನಿಲ್ಲತೊಡಗಿದವು. "ಬೋರ್ ಹಾಕ್ಸಿದಿರೇನ್? ಮೋಟರ್ ಎಲ್ಲೈತಿ?" ಬಂದವರೆಲ್ಲ ಬಗ್ಗಿ ಇಣುಕುವವರೇ.

ಕಳೆ ಕೀಳಲು ಬಂದಿದ್ದ ಅಜ್ಜಿಯೂ ಸೊಂಟ ಹಿಡಿದುಕೊಂಡು ಬಗ್ಗಿದಳು. "ಏನ್ ಕಾಣ್ತತವ್ವಾ ಇದರಾಗ?"

"ನೀರು, ಅಜ್ಜಿ."

"ಹೌದನ! ಕಾಲುವಿ ದಂಡಿಗೆ ಬಾ, ಬಗ್ಗದಂಗ ತೋರಿಸ್ತೀನಿ!"

೩. ತುಂಬಿದ ಪೈಪು

ಕೆಲವು ವಾರ ಕಳೆದವು. ನಾನು ಯಾವಾಗ ಹೋದರೂ ಪೈಪಿನಲ್ಲಿ ನೀರು ತುಂಬಿರುತ್ತಿತ್ತು. ಆದರೆ ನೆಲ ಬಿರುಕು ಬಿಟ್ಟಿತ್ತು, ಭತ್ತದ ಗರಿ ಸುರುಳಿ ಸುತ್ತುತ್ತಿತ್ತು. ಪೈಪು ನಂಬಿ ಹುಡುಗಿ ಕಾಲುವೆ ನೀರು ಬಿಟ್ಟೇ ಇರಲಿಲ್ಲ. "ಮೇಡಂ, ನನ್ನ ಬೆಳಿ ಹೋತು. ಜೀನ್ಸ್ ಹೊಲಿಯೋದ ಗತಿ," ಅಂತ ಅಳುಮುಖ ಮಾಡಿದಳು. ಇದೇನು ವಿಚಿತ್ರ ಅಂತ ಮರುದಿನ ಮೊದಲ ಬಸ್ಸಿಗೇ ಹೋಗಿ ಅವಳ ಜೊತೆ ಹೊಲದ ಬದುವಿನ ಗಿಡದ ಮರೆಯಲ್ಲಿ ಕೂತೆ.

ಅಪ್ಪ ಬಂದ. ಹೆಗಲ ಮೇಲೆ ಕೊಡ. ಅತ್ತಿತ್ತ ನೋಡಿ, ಇಡೀ ಕೊಡ ಪೈಪಿಗೆ ಬಗ್ಗಿಸಿದ!

"ಯಪ್ಪಾ!" ಹುಡುಗಿ ಚೀರಿದಳು. "ಏನ್ ಮಾಡಾಕ ಹತ್ತೀಯೋ?"

ಅಪ್ಪನ ಮುಖ ಸಣ್ಣದಾಯಿತು. "ಬಂದ ಮಂದಿ ಎಲ್ಲಾ ಪೈಪಿನಾಗ ಇಣುಕ್ತಾರ. ಖಾಲಿ ಕಂಡ್ರ ನಿನ್ನ ಹೆಸರು ಕೆಡ್ತತಲ್ಲವ್ವಾ! ನೀನು ಬಳ್ಳಾರಿಗೆ ಹೋದ್ರ ಮನ್ಯಾಗ ನನಗ ಯಾರದಾರ?"

ನನಗೆ ನಗು ತಡೆಯಲಾಗಲಿಲ್ಲ. ಹುಡುಗಿ ಓಡಿಹೋಗಿ ಕಾಲುವೆ ನೀರು ತಿರುಗಿಸಿದಳು. ಪುಣ್ಯ, ಗರಿಗಳು ಬಿಚ್ಚಿಕೊಂಡವು. ಸುಗ್ಗಿಯಲ್ಲಿ ಪಕ್ಕದ ಹೊಲದಷ್ಟೇ ಭತ್ತ ಬಂತು.

ರಾಶಿಯ ಮುಂದೆ ನಿಂತು ಅಪ್ಪ ಎಲ್ಲರಿಗೂ ಕೇಳುವಂತೆ "ಮುಂದಿನ ಬೆಳಿಗೆ ಪೂರಾ ಹೊಲ ಇವಳದ!" ಅಂದ. ಹುಡುಗಿ ಕಣ್ಣೊರೆಸಿಕೊಂಡಳು. ಆಮೇಲೆ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದ.

"ಮೇಡಂ, ಆ ಪೈಪ್ ಅಂಗಡ್ಯಾವನ್ನ ಮಾತ್ರ ಬಿಡಬ್ಯಾಡ್ರಿ. ಮೈತುಂಬ ತೂತು ಇರೋದ ಕೊಟ್ಟಾನ. ದಿನಾ ಕೊಡ ಹೊತ್ತು ನನ್ನ ಸೊಂಟ ಬಿದ್ದೋತು!"