ಕಣ್ಣು ನನ್ನ ಮೇಲಿರಲಿ!

"ಮೂರೇ ತಿಂಗಳು! ಸ್ಪರ್ಧೇಲಿ ಹೊನ್ನವಳ್ಳಿ ಹಾಡಿದರೆ ತಿಪಟೂರು ಬಾಯಿ ಬಿಟ್ಕೊಂಡು ಕೇಳಬೇಕು, ಹಂಗ್ ಮಾಡ್ತೀನಿ!" ಎಂದು ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಸೂರ್ಯಪ್ರಕಾಶ್ ಉಪ್ಪಿಟ್ಟಿನ ತಟ್ಟೆಯ ಮುಂದೆ ಶಪಥ ಮಾಡಿದರು. ಅವರಿಗೆ ಸಂಗೀತ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಮೂವತ್ತು ವರ್ಷ ಮಕ್ಕಳ ಕೈಲಿ ಮಾವಿನಕಾಯಿ ಬರೆಸಿದವರಿಗೆ ಹನ್ನೆರಡು ಜನರ ಬಾಯಿ ಒಟ್ಟಿಗೆ ತೆರೆಸುವುದು ಮಹಾ ಕಷ್ಟವೇ?

"ತೆರೆಸೋದು ಸುಲಭ ಕಣ್ರೀ, ಮುಚ್ಸೋದ್ ಹೆಂಗೆ ಅಂತ ಯೋಚ್ನೆ ಮಾಡಿ" ಎಂದರು ಹೆಂಡತಿ ವಿಮಲಮ್ಮ.

ಹೀಗೆ ಊರಿನ ಗಾಯನ ವೃಂದ ಹುಟ್ಟಿತು. ಸಮುದಾಯ ಭವನಕ್ಕೆ ಹೋದರೆ ದಿನಾ ಯಾರದೋ ನಾಮಕರಣ. ನಡುಮನೆಯಲ್ಲಿ ಒಂದು ಸಂಜೆ ಹಾಡಿದ್ದಕ್ಕೇ ಹಸು ಹಾಲು ಬಿಡಲಿಲ್ಲವೆಂದು ವಿಮಲಮ್ಮ ಎಲ್ಲರನ್ನೂ ಹಿತ್ತಲಿನ ತೆಂಗಿನ ತೋಟಕ್ಕೆ ಅಟ್ಟಿದರು. "ಪ್ರಕೃತಿಯ ಮಡಿಲೇ ನಮ್ಮ ರಂಗಮಂದಿರ!" ಎಂದು ಮೇಷ್ಟ್ರು ಆ ಗಡೀಪಾರಿಗೂ ಶಾಲು ಹೊದಿಸಿ ಸನ್ಮಾನ ಮಾಡಿದರು.

ಆದರೆ ಕೊಬ್ಬರಿಗೆಂದು ಕಾಯಿಯನ್ನು ಮರದಲ್ಲೇ ಚೆನ್ನಾಗಿ ಬಲಿಯಲು ಬಿಡುವ ಸೀಮೆ ಇದು. ಯಾವುದು ಯಾವ ಗಳಿಗೆಯಲ್ಲಿ ಉದುರುತ್ತದೋ ದೇವರೇ ಬಲ್ಲ. ಹನ್ನೆರಡು ಮಂದಿಯೂ ಕತ್ತೆತ್ತಿ, ಮರದ ತುದಿಗೆ ಕಣ್ಣು ನೆಟ್ಟು ಹಾಡಿದರು. ಮೊಬೈಲಿನಲ್ಲಿ ನೋಡಿ ಕಲಿತ ಹಾಗೆ ಮೇಷ್ಟ್ರು ಕೋಲು ಹಿಡಿದು ಗಾಳಿಯಲ್ಲಿ ಏನೇನೋ ಚಿತ್ರ ಬಿಡಿಸಿದರು. ನೋಡುವವರು ಯಾರು!

"ಗಂಗಯ್ಯ, ಕಣ್ಣು ನನ್ನ ಮೇಲಿರಲಿ!"

"ನಿಮ್ ಕೋಲು ನೋಡ್ದಿದ್ರೆ ತಾಳ ಹೋಯ್ತದೆ ಮೇಷ್ಟ್ರೇ, ಮ್ಯಾಕ್ ನೋಡ್ದಿದ್ರೆ ತಲೇನೇ ಹೋಯ್ತದೆ ಕಣ್ರೀ!"

ಮೇಲೆ ಸರಕ್ ಎಂದರೆ ಸಾಕು, ಮುಂದಿನ ಸಾಲಿನ ಚಿಕ್ಕಗಂಗಮ್ಮನಿಂದ ಹಿಡಿದು ಅಷ್ಟೂ ಜನ ಸ್ವರ ಬಿಡದೆ ಎರಡು ಹೆಜ್ಜೆ ಎಡಕ್ಕೆ ಸರಿಯುತ್ತಿದ್ದರು. ಮೇಷ್ಟ್ರಿಗೆ ನಿಜಕ್ಕೂ ನೋವಾಯಿತು. ನಿವೃತ್ತರಾದ ಮೇಲೆ ಅವರನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ವೃಂದ ಕಟ್ಟಿದ್ದೇ ಅದಕ್ಕಾಗಿ!

"ತಿಪಟೂರಿನ ಸ್ಪರ್ಧೇಲಿ ಒಬ್ಬರು ಕತ್ತೆತ್ತಿದರೂ ವೃಂದ ಬರ್ಖಾಸ್ತು!" ಎಂದು ಗುಡುಗಿದರು. ಗುಡುಗಿ ಸುಮ್ಮನಿರದೆ ಹನ್ನೆರಡು ಅಡಿಯ ಫ್ಲೆಕ್ಸ್ ಬೇರೆ ಮಾಡಿಸಿದರು. ತುಂಬ ಅವರದೇ ಮುಖ, ಕೆಳಗೆ 'ಗಾನ ಸಾರಥಿ' ಎಂಬ ಬಿರುದು. ಹಾಡುವವರು ಅಂಚಿನಲ್ಲಿ ಅಂಚೆಚೀಟಿಯಷ್ಟು ಅಗಲಕ್ಕೆ ತೃಪ್ತಿಪಟ್ಟುಕೊಳ್ಳಬೇಕಾಯಿತು.

"ಫ್ಲೆಕ್ಸಿನ ಹಗ್ಗ ಗಂಗಯ್ಯನ ಕೈಲಿ ಕಟ್ಸ್ರೀ" ಎಂದರು ಸ್ಪರ್ಧೆಯ ದಿನ ವಿಮಲಮ್ಮ.

"ನಾನು ಹಾಕಿದ ಗಂಟು ಬ್ರಹ್ಮ ಬಂದರೂ ಬಿಚ್ಚಲ್ಲ ಕಣೇ!" ಎಂದು ಮೇಷ್ಟ್ರೇ ಸ್ಟೂಲು ಹತ್ತಿ ವೇದಿಕೆಯ ಮುಂದೆ ತಲೆಯ ಮೇಲಿದ್ದ ಅಡ್ಡಕಂಬಿಗೆ ಕಟ್ಟಿದರು.

ಸ್ಪರ್ಧೆ ಶುರುವಾಯಿತು. ಮೇಷ್ಟ್ರು ಕೋಲೆತ್ತಿದರು. ಹನ್ನೆರಡು ಕತ್ತುಗಳೂ ಎದ್ದವು!

"ಮರ ಎಲ್ಲಿದೆ ಇಲ್ಲಿ? ಕೆಳಗೆ ನೋಡ್ರೋ!" ಎಂದು ಹಲ್ಲು ಕಡಿದರು. ಅಭ್ಯಾಸಬಲ, ಯಾರೂ ಕೇಳಲಿಲ್ಲ.

ಎರಡನೆಯ ನುಡಿಗೆ ಗಾಳಿ ಬೀಸಿತು. ಬ್ರಹ್ಮ ಬರುವ ಅಗತ್ಯವೇ ಬೀಳಲಿಲ್ಲ. ಮೇಲೆ ಸರಕ್ ಎಂದಿತು. ಹನ್ನೆರಡು ಮಂದಿ ಸ್ವರ ಬಿಡದೆ ಎರಡು ಹೆಜ್ಜೆ ಎಡಕ್ಕೆ ಸರಿದರು. ತಮ್ಮ ಕೋಲನ್ನೇ ನೋಡಿಕೊಂಡು ನಿಂತಿದ್ದವರು ಮೇಷ್ಟ್ರೊಬ್ಬರೇ. ಗಾನ ಸಾರಥಿಯ ಮೇಲೆ ಗಾನ ಸಾರಥಿಯೇ ಚೌಕಟ್ಟು ಸಮೇತ ಬಿದ್ದರು!

"ಲೇ, ಎತ್ರೋ!" ಎಂದು ಒಳಗಿಂದ ಕೂಗಿದರು. ಹಾಡು ನಿಲ್ಲಲಿಲ್ಲ. ಅವರನ್ನು ಹೊರಗೆಳೆಯುವಷ್ಟರಲ್ಲಿ ಚಪ್ಪಾಳೆಯೂ ಮುಗಿದಿತ್ತು.

"ಆಕಾಶಕ್ಕೆ ದೃಷ್ಟಿ ನೆಟ್ಟು ಎಂಥ ಭಕ್ತಿಯಿಂದ ಹಾಡಿದರು! ಏನು ಬಿದ್ದರೂ ತಾಳ ಬಿಡಲಿಲ್ಲ. ನಿರ್ದೇಶಕರು ಮರೆಯಾದ ಮೇಲಂತೂ ಹಾಡು ಇನ್ನೂ ಕಳೆಗಟ್ಟಿತು!" ಎಂದು ತೀರ್ಪುಗಾರರು ಮೊದಲ ಬಹುಮಾನ ಕೊಟ್ಟರು.

"ಎಲ್ರೂ ಕತ್ತೆತ್ತಿದ್ವಲ್ಲ ಮೇಷ್ಟ್ರೇ, ವೃಂದ ಬರ್ಖಾಸ್ತಾ?" ಎಂದು ಗಂಗಯ್ಯ ಮೆಲ್ಲಗೆ ಕೇಳಿದ.

ಮೇಷ್ಟ್ರು ಹಣೆಯ ಬುಗುಟು ಸವರಿಕೊಂಡರು. "ನಾಳೆ ಐದಕ್ಕೆ ಸರಿಯಾಗಿ ಬನ್ರಪ್ಪ" ಎಂದರು.

ಮರುದಿನ ಮೇಷ್ಟ್ರು ತೋಟಕ್ಕೆ ಹೋದರೆ, ವೃಂದ ಹಾಡುವ ಜಾಗದ ಮೇಲೆ ವಿಮಲಮ್ಮ ನಾಲ್ಕು ಮರಕ್ಕೆ ಬಿಗಿದು ಚಪ್ಪರ ಕಟ್ಟಿಸಿದ್ದರು. ಹತ್ತಿರ ಹೋಗಿ ಕತ್ತೆತ್ತಿದರೆ ತಮ್ಮದೇ ಹನ್ನೆರಡು ಅಡಿಯ ಮುಖ! ಅದೇ ಗಳಿಗೆಗೆ ಅದರ ಹಣೆಯ ಮೇಲೊಂದು ಬಲಿತ ಕಾಯಿ ದಬ್ಬೆಂದು ಬಿದ್ದು ಪಕ್ಕಕ್ಕೆ ಉರುಳಿತು. ಕೆಳಗೆ ಹನ್ನೆರಡು ಮಂದಿ ಕತ್ತೆತ್ತಿ ಹಾಡುತ್ತಲೇ ಇದ್ದರು.

"ಅವ್ರ ತಲೆ ಉಳೀತು, ನಿಮ್ಮಾಸೇನೂ ತೀರ್ತು" ಎಂದರು ವಿಮಲಮ್ಮ. "ಈಗ ಎಲ್ರ ಕಣ್ಣೂ ನಿಮ್ಮೇಲೇ ಅಲ್ವೇನ್ರೀ!"