ಟ್ರಯಲ್‌ಗೆ ಹೋದ ನಮ್ಮ ಕಾರು

ತೆಕ್ಕಲಕೋಟೆ, ಮಾವನ ಮನೆಯ ಕಟ್ಟೆಯ ಮೇಲಿನಿಂದ
ಪಂಚಮಿಯ ಮರುದಿನ, 1978

ವಾರಪತ್ರಿಕೆಯ ‘ವಾಹನ ಸೌಖ್ಯ’ ಅಂಕಣಕಾರರಾದ ಶ್ರೀ ‘ಸಾರಥಿ’ಯವರ ಸನ್ನಿಧಾನಕ್ಕೆ.

ಮಾನ್ಯರೇ,

ಕುರುಗೋಡಿನ ಹತ್ತಿ ದಲ್ಲಾಳಿ ಚಿದಾನಂದಪ್ಪನು ತಮಗೆ, ತಮ್ಮ ಲೇಖನಿಗೆ, ಆ ಲೇಖನಿಗೆ ಮಸಿ ತುಂಬುವ ಪುಣ್ಯಾತ್ಮರಿಗೆ ಮತ್ತು ತಮ್ಮ ಮನೆಯಲ್ಲೊಂದು ಕಾರಿದ್ದರೆ ಅದರ ನಾಲ್ಕೂ ಚಕ್ರಗಳಿಗೆ ಸಾಷ್ಟಾಂಗ ನಮಸ್ಕಾರ ಸಲ್ಲಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ತಮ್ಮ ಆಶೀರ್ವಾದದಿಂದ ನಾನು ಕ್ಷೇಮ, ನನ್ನ ಹೆಂಡತಿ ಕ್ಷೇಮ, ನಮ್ಮ ಕಾರೂ ಕ್ಷೇಮ. ಹೆಂಡತಿ ಮತ್ತು ಕಾರು ಒಂದು ಕಡೆ, ನಾನು ಇನ್ನೊಂದು ಕಡೆ, ಇಷ್ಟೇ ವ್ಯತ್ಯಾಸ. ಈ ವ್ಯತ್ಯಾಸಕ್ಕೆ ಕಾರಣಕರ್ತರು ತಾವೇ ಆದ್ದರಿಂದ, ತಮ್ಮ ಕೀರ್ತಿ ನಾಲ್ಕು ಜನಕ್ಕೆ ಗೊತ್ತಾಗಲೆಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲಿಗೆ ನಾನು ಕಾರು ಕೊಂಡದ್ದು ಯಾಕೆಂದು ಅರಿಕೆ ಮಾಡಿಕೊಳ್ಳುತ್ತೇನೆ. ನನ್ನ ಧರ್ಮಪತ್ನಿ ವೀರಭದ್ರಮ್ಮನ ತವರು ಈ ತೆಕ್ಕಲಕೋಟೆ. ಪಂಚಮಿ ಬಂತೆಂದರೆ ನಮ್ಮ ಸೀಮೆಯ ಹೆಣ್ಣುಮಕ್ಕಳೆಲ್ಲ ಉಂಡಿ ಕಟ್ಟಿಕೊಂಡು ತವರಿಗೆ ಹೊರಡುವುದು ತಮಗೂ ಗೊತ್ತಿದ್ದೀತು. ಅವಳ ಅಕ್ಕ ಕೊಟ್ರಮ್ಮ ವರ್ಷ ವರ್ಷವೂ ಗಂಡನ ಜೀಪಿನಲ್ಲಿ ಧೂಳೆಬ್ಬಿಸಿಕೊಂಡು ತವರಿನ ಬಾಗಿಲಿಗೇ ಬಂದಿಳಿಯುತ್ತಾಳೆ. ನಮ್ಮಾಕೆ ಬಸ್ಸಿನಿಂದಿಳಿದು, ಉಂಡಿಯ ಡಬ್ಬಿಯನ್ನು ಸೊಂಟಕ್ಕೆ ಒತ್ತಿಕೊಂಡು, ಆ ಧೂಳಿನಲ್ಲೇ ನಡೆದು ಹೋಗುತ್ತಾಳೆ. ಒಂದೇ ಒಂದು ಪಂಚಮಿಗೆ ಸ್ವಂತ ಕಾರಿನಲ್ಲಿ ಅಪ್ಪನ ಮನೆಯ ಮುಂದೆ ಇಳಿಯಬೇಕು, ಕಾರಿನ ಬಾಗಿಲನ್ನು ಗಂಡ ತೆರೆಯಬೇಕು, ಅದನ್ನು ಅಕ್ಕ ನೋಡಬೇಕು, ಇದು ಅವಳ ಆಸೆ. ಆಗಲಿ ಎಂದು ಬಳ್ಳಾರಿಯ ವಕೀಲರೊಬ್ಬರ ಹಳೆಯ ಕಾರನ್ನು ತಂದೆ. ಅದನ್ನು ತಯಾರಿಸಿದ ಕಂಪನಿಯ ಹೆಸರು ಇಲ್ಲಿ ಬೇಡ, ಪಾಪ, ಅವರು ನನಗೇನೂ ಮಾಡಿಲ್ಲ.

ಆದರೆ ನಮ್ಮ ಓಣಿಗೆ ಅದೊಂದೇ ಕಾರು. ಅದನ್ನು ಕೇಳಿಕೊಂಡು ಬರುವವರೆಲ್ಲ ನನ್ನ ಅಂಗಡಿಗೆ ಹತ್ತಿ ಹಾಕುವ ರೈತರು. ಮದುವೆಗೆ, ನಿಬ್ಬಣಕ್ಕೆ, ಬಾಣಂತಿ ಕರೆತರಲಿಕ್ಕೆ, ಅಳಿಯ ಮುನಿಸಿಕೊಂಡರೆ ಅವನನ್ನು ರಮಿಸಿ ಕರೆತರಲಿಕ್ಕೆ ಎಂದು ಅವರು ಕೈಮುಗಿದು ನಿಂತರೆ, ಇಲ್ಲ ಎನ್ನುವ ಮಾತು ನನ್ನ ಗಂಟಲಲ್ಲೇ ಸಿಕ್ಕಿಕೊಂಡುಬಿಡುತ್ತದೆ. ಹೀಗಾಗಿ ಹೋದ ಪಂಚಮಿಗೆ ನಮ್ಮಾಕೆ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಬಂದು ನಿಂತಾಗ, ಕಾರು ಯಾರದೋ ಬೀಗರನ್ನು ಹೊತ್ತುಕೊಂಡು ಸಿರುಗುಪ್ಪದಲ್ಲಿತ್ತು. ಅವಳು ಬಸ್ಸಿಗೆ ಹೋದಳು. ತಿರುಗಿ ಬಂದವಳು, “ಮುಂದಿನ ಪಂಚಮಿಗೆ ನನ್ನ ಕಾರಿನಾಗ ಕರಕೊಂಡು ಹೋಗ್ರಿ, ಇಲ್ಲಾಂದ್ರ ಅದನ್ನ ಮಾರ್ರಿ. ಮಂದಿ ಹೆಂಡ್ರು ಅದರಾಗ ಕುಂತು ಹೋಗೋದನ್ನ ನೋಡಾಕ ನನ್ ಕೈಲಿ ಆಗಂಗಿಲ್ಲ” ಎಂದಳು. ಮಾರುವುದೇ ಸುಲಭ ಎಂದುಕೊಂಡೆ. ಕಾರು ಮಾರಿದರೆ ಪಂಚಮಿಯ ದಿನ ಬಳ್ಳಾರಿಯಿಂದ ಒಂದು ಟ್ಯಾಕ್ಸಿ ತರಿಸಿಬಿಡಬಹುದು, ಟ್ಯಾಕ್ಸಿಯನ್ನು ಯಾರೂ ಕಡ ಕೇಳುವುದಿಲ್ಲ ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಆಗ ತಮ್ಮ ‘ಕಾರು ಮಾರುವವರಿಗೆ ಕಿವಿಮಾತು’ ಕಣ್ಣಿಗೆ ಬಿತ್ತು. ಆಹಾ, ಏನು ಭಾಷೆ, ಏನು ಧೈರ್ಯ! ಆ ಹಾಳೆಯನ್ನು ಕತ್ತರಿಸಿ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಕ್ಯಾಲೆಂಡರಿನ ಕೆಳಗೆ ಅಂಟಿಸಿದೆ. ನಾನು ದಿನವೂ ಊಟಕ್ಕೆ ಕೂತಾಗ ಅದನ್ನೇ ಓದುತ್ತಿದ್ದೆ. ಬಡಿಸುವವರೂ ಓದುತ್ತಾರೆಂಬುದು ಆಗ ನನಗೆ ಹೊಳೆಯಲಿಲ್ಲ.

‘ಮಾರುವ ಮುನ್ನ ವಾಹನಕ್ಕೊಂದು ಹೊಸ ಕಳೆ ಕೊಡಿರಿ’ ಎಂದು ತಾವು ಅಪ್ಪಣೆ ಕೊಡಿಸಿದ್ದಿರಿ. ಬಳ್ಳಾರಿಯಲ್ಲಿ ಲಾರಿಗಳಿಗೆ ಬಣ್ಣ ಬಳಿಯುವ ಸುಂಕಣ್ಣನ ಹತ್ತಿರ ಹೋಗಿ, ಕೆನೆ ಬಣ್ಣ ಬಳಿದು ಕೊಡಪ್ಪಾ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬರೇ ಬಿಳಿ ಬಳದ್ರ ದವಾಖಾನಿ ಗಾಡಿ ಅಂತಾರ್ರಿ ಸಾವ್ಕಾರ್ರ. ನೀವು ಸುಮ್ನ ಹೋಗಿ ಚಾ ಕುಡದು ಬರ್ರಿ, ನಾನು ನೋಡ್ಕೊಂತೀನಿ” ಎಂದ. ಅವನು ನೋಡಿಕೊಂಡ ಮೇಲೆ ನಾನು ಹೋಗಿ ನೋಡುತ್ತೇನೆ, ಎರಡೂ ಕಡೆಯ ಬಾಗಿಲುಗಳ ಮೇಲೆ ಗರಿಗೆದರಿದ ನವಿಲು, ಹಿಂದೆ ‘ತಾಯಿಯ ಆಶೀರ್ವಾದ’, ಮುಂದೆ ಬಾನೆಟ್ಟಿನ ಮೇಲೆ ಕಾಲು ಮಡಿಚಿ ಕೂತ ಸಾಕ್ಷಾತ್ ಬಸವಣ್ಣ! ಬೈಯೋಣವೆಂದರೆ ಬಸವಣ್ಣನ ಮುಂದೆ ಹೇಗೆ ಬೈಯುವುದು? ಕೈಮುಗಿದು ಕಾರು ತಂದೆ. ಅಂದಿನಿಂದ ಓಣಿಯ ಮುದುಕಿಯರು ಬೆಳಗಾದರೆ ಬಾನೆಟ್ಟಿಗೆ ಕುಂಕುಮವಿಟ್ಟು, ಬಂಪರಿಗೆ ತೆಂಗಿನಕಾಯಿ ಒಡೆಯತೊಡಗಿದರು. ಮೊದಲು ಮದುವೆ, ಬಾಣಂತನಕ್ಕಷ್ಟೇ ಕೇಳುತ್ತಿದ್ದವರು ಈಗ ತೊಟ್ಟಿಲಿಗೂ, ಗೃಹಪ್ರವೇಶಕ್ಕೂ, ಬೋರ್‌ವೆಲ್ ಪೂಜೆಗೂ ‘ಬಸವಣ್ಣನ ಕಾರು’ ಬೇಕೆಂದರು.

‘ಒಳಾಂಗಣವು ಸ್ತ್ರೀಯರ ಮನಸ್ಸನ್ನು ಗೆಲ್ಲುವಂತಿರಲಿ’ ಎಂದಿರಿ. ಮೆತ್ತನೆಯ ಸೀಟ್ ಕವರು ಹೊಲಿಸಿ, ಕಿಟಕಿಗಳಿಗೆ ನೆರಿಗೆ ಹಿಡಿದ ಗುಲಾಬಿ ಪರದೆ ಕಟ್ಟಿಸಿದೆ. ಅದು ಸ್ತ್ರೀಯರ ಮನಸ್ಸನ್ನು ಎಷ್ಟು ಗೆದ್ದಿತೆಂದರೆ, ದಿನ ತುಂಬಿದ ಗರ್ಭಿಣಿಯರು ಎತ್ತಿನ ಬಂಡಿ ಹತ್ತಲು ಒಲ್ಲೆವೆಂದರು. ಒಬ್ಬ ತಾಯಿಯಂತೂ ಬಳ್ಳಾರಿಯ ಆಸ್ಪತ್ರೆ ಮುಟ್ಟುವ ಮೊದಲೇ, ಕೊಳಗಲ್ಲಿನ ಹತ್ತಿರ, ಆ ಪರದೆಗಳ ಮರೆಯಲ್ಲಿಯೇ ಹಡೆದಳು. ಜೊತೆಗಿದ್ದ ಸೂಲಗಿತ್ತಿ ಜಡೆಮ್ಮ, “ದವಾಖಾನಿ ಮಂಚಕ್ಕಿಂತ ಇದ ಚಲೋ ಐತಿ ಬಿಡ್ರಿ” ಎಂದು ಸರ್ಟಿಫಿಕೇಟು ಕೊಟ್ಟಳು. ತಾಯಿ ಮಗು ಆರೋಗ್ಯವಾಗಿದ್ದಾರೆ. ಸೀಟ್ ಕವರಿನ ವಿಷಯ ತಾವು ಕೇಳದಿರುವುದು ಒಳ್ಳೆಯದು.

‘ಇಂಪಾದ ಹಾರ್ನ್ ದೂರದಿಂದಲೇ ಗ್ರಾಹಕರನ್ನು ಸೆಳೆಯುತ್ತದೆ’ ಎಂಬ ತಮ್ಮ ಮಾತು ಅಕ್ಷರಶಃ ನಿಜವಾಯಿತು. ಗುಜರಿಯಲ್ಲಿ ಸಿಕ್ಕ ಬಸ್ಸಿನ ಹಾರ್ನೊಂದನ್ನು ಹಾಕಿಸಿದ್ದೆ. ಸಿರುಗುಪ್ಪ ರಸ್ತೆಯಲ್ಲಿ ಅದನ್ನೊಮ್ಮೆ ಒತ್ತಿದರೆ ಸಾಕು, ಮರದ ನೆರಳಲ್ಲಿ ಕೂತವರೆಲ್ಲ ಬಸ್ಸು ಬಂತೆಂದು ಚೀಲ ಎತ್ತಿಕೊಂಡು ಓಡಿ ಬಂದು ಕೈ ಅಡ್ಡ ಹಿಡಿಯುತ್ತಾರೆ. ಬಂದವರ ಮುಂದೆ ಕಾರು ನಿಲ್ಲಿಸದೆ ಹೋಗುವಷ್ಟು ಗಟ್ಟಿ ಮನಸ್ಸನ್ನು ದೇವರು ನನಗೆ ಕೊಟ್ಟಿಲ್ಲ ಎಂಬುದನ್ನು ಆಗಲೇ ಅರಿಕೆ ಮಾಡಿದ್ದೇನೆ.

ಆದರೆ ಸ್ವಾಮೀ, ತಮ್ಮ ಕೀರ್ತಿಗೆ ಕಳಶವಿಟ್ಟದ್ದು ಕೊನೆಯ ಸಲಹೆ. ‘ಕೊಳ್ಳುವವರಿಗೆ ಧಾರಾಳವಾಗಿ ಟ್ರಯಲ್ ಕೊಡಿರಿ. ಟ್ರಯಲ್ ವೇಳೆ ಮಾಲೀಕರು ವಾಹನದಲ್ಲಿ ಕೂರಬಾರದು. ಕೂತರೆ ಗ್ರಾಹಕರಿಗೆ ಸಂಕೋಚವಾಗುತ್ತದೆ’ ಎಂದು ಬರೆದಿದ್ದಿರಿ. ತಾವು ಬೆಂಗಳೂರಿನವರಿರಬೇಕು. ನಮ್ಮ ಕಡೆ ಟ್ರಯಲ್ ಎಂದರೆ ಎತ್ತಿನದು. ಎತ್ತು ಕೊಳ್ಳುವವನು ಅದನ್ನು ಮನೆಗೆ ಹೊಡೆದುಕೊಂಡು ಹೋಗಿ, ನೇಗಿಲಿಗೆ ಕಟ್ಟಿ, ಬಂಡಿಗೆ ಹೂಡಿ ನೋಡಿ, ಮನಸ್ಸು ಒಪ್ಪಿದ ಮೇಲೆ ಬೆಲೆಯ ಮಾತಿಗೆ ಬರುತ್ತಾನೆ. ಮನಸ್ಸು ಯಾವಾಗ ಒಪ್ಪಬೇಕೆಂದು ಹೇಳುವ ಹಕ್ಕು ಮಾರುವವನಿಗಿಲ್ಲ. ಅಲ್ಲಿಯವರೆಗಿನ ಮೇವು ಮಾತ್ರ ಮಾರುವವನದೇ.

ಹಚ್ಚೊಳ್ಳಿಯಿಂದ ಹುಲುಗಪ್ಪ ಬಂದ. ಕಾಲುವೆ ನೀರಿನ ಭತ್ತದ ರೈತ, ಟ್ರ್ಯಾಕ್ಟರ್ ಓಡಿಸಿ ಪಳಗಿದ ಕೈ, ರೀತಿ ರಿವಾಜು ಬಿಟ್ಟು ಹೆಜ್ಜೆ ಇಡದ ಮನುಷ್ಯ. ಕಾರಿನ ಸುತ್ತ ಸುತ್ತಿ, ಟೈರಿಗೆ ಗುದ್ದಿ, ದೀಪಗಳ ಮುಂದೆ ಕೈ ಆಡಿಸಿ, ಹ್ಯಾಂಡಲ್ ಹಾಕಿ ತಿರುಗಿಸುವಾಗ “ಒದೀತೈತೇನ್ರಿ?” ಎಂದು ವಿಚಾರಿಸಿದ. ಬಸವಣ್ಣನ ಕೊಂಬಿನ ಹತ್ತಿರ, ತೆಂಗಿನಕಾಯಿಯೊಂದು ಗುರಿ ತಪ್ಪಿ ಬಿದ್ದ ತಗ್ಗು ಇತ್ತು. ಅದರ ಮೇಲೆ ಬೆರಳಿಟ್ಟು, “ಹಣಿಮ್ಯಾಲ ಸುಳಿ ಐತಲ್ರಿ ಸಾವ್ಕಾರ್ರ, ಮನಿಗೆ ಆಗಿ ಬರತೈತೋ ಇಲ್ಲೋ ಕಟ್ಟಿ ನೋಡಬೇಕು” ಎಂದು ಗಂಭೀರವಾಗಿ ಹೇಳಿ ಕಾರು ತೆಗೆದುಕೊಂಡು ಹೋದ.

ಕಟ್ಟಿ ನೋಡಿದ ನೋಡಿ! ಭತ್ತದ ಚೀಲ ಹೇರಿ ನೋಡಿದ, ಬೀಗರನ್ನು ತುಂಬಿ ನೋಡಿದ, ಕಾಲುವೆಗಿಳಿಸಿ ಮೈ ತೊಳೆದು ನೋಡಿದ. ಈ ಸುದ್ದಿ ಹಬ್ಬಿದ್ದೇ ತಡ, ಇಷ್ಟು ದಿನ ಕೈಮುಗಿದು ಕಾರು ಕೇಳುತ್ತಿದ್ದ ನಮ್ಮ ರೈತರೆಲ್ಲ ರಾತ್ರಿ ಬೆಳಗಾಗುವುದರೊಳಗೆ ಗ್ರಾಹಕರಾಗಿಬಿಟ್ಟರು. ಮೊದಲು “ಒಂದ್ ಮದಿವಿ ಐತ್ರಿ, ದೊಡ್ಡ ಮನಸ್ ಮಾಡ್ರಿ” ಎನ್ನುತ್ತಿದ್ದವರು ಈಗ “ಕಾರು ಬೇಕಾಗೇತ್ರಿ, ಟ್ರಯಲ್ ಕೊಡ್ರಿ” ಎಂದು ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂರತೊಡಗಿದರು. ಒಬ್ಬರ ಟ್ರಯಲ್ ಮುಗಿದರೆ ಕಾರು ನನ್ನ ಹತ್ತಿರ ಬಾರದೆ ನೇರವಾಗಿ ಇನ್ನೊಬ್ಬರ ಬಾಗಿಲಿಗೆ ಹೋಗುತ್ತಿತ್ತು. ನನ್ನ ಬಾಗಿಲಿಗೆ ಅದು ಬರುತ್ತಿದ್ದದ್ದು ಮೇವಿಗೆ, ಅಂದರೆ ಪೆಟ್ರೋಲಿಗೆ ಮಾತ್ರ. ಇಷ್ಟು ಜನ ಕೊಳ್ಳಲು ಮುಗಿಬಿದ್ದ ಕಾರು, ಇಷ್ಟು ದಿನವಾದರೂ ಮಾರಾಟವಾಗದ ಕಾರು, ಇಡೀ ಜಿಲ್ಲೆಯಲ್ಲಿ ನಮ್ಮದೊಂದೇ ಇದ್ದೀತು. ಊರವರ ಹತ್ತಿಯನ್ನೆಲ್ಲ ಚಿಟಿಕೆ ಹೊಡೆಯುವಷ್ಟರಲ್ಲಿ ಮಾರುವ ದಲ್ಲಾಳಿ ನಾನು, ನನ್ನ ಕಾರಿನ ಮುಂದೆ ಬಾಯಿ ಕಟ್ಟಿಸಿಕೊಂಡು ಕೂತೆ.

ಹೀಗೆ ಈ ಸಲದ ಪಂಚಮಿಯ ಮುನ್ನಾದಿನ ಬಂತು. ಕಾರು ಮಾರಾಟವಾಗಿರಲಿಲ್ಲ, ನಾನು ಟ್ಯಾಕ್ಸಿ ಹೇಳಿರಲಿಲ್ಲ, ನಮ್ಮಾಕೆ ಮಾತಾಡಿರಲಿಲ್ಲ. ಬೆಳಿಗ್ಗೆ ಹುಲುಗಪ್ಪ ಮತ್ತೊಂದು ಸುತ್ತಿನ ಟ್ರಯಲ್‌ಗೆಂದು ಬಂದು, ಪೆಟ್ರೋಲು ಹಾಕಿಸಿಕೊಂಡು, ಇನ್ನೇನು ಹೊರಡಬೇಕು, ಅಷ್ಟರಲ್ಲಿ ವೀರಭದ್ರಮ್ಮ ಇಳಕಲ್ ಸೀರೆ ಉಟ್ಟು, ಉಂಡಿಯ ಡಬ್ಬಿ ಹಿಡಿದು ಹೊರಗೆ ಬಂದಳು. ಬಂದವಳು ನನ್ನ ಕಡೆ ನೋಡಲಿಲ್ಲ. ಹುಲುಗಪ್ಪನಿಗೆ, “ಈ ಕಾರು ನಾನೂ ತಗೋಳಾಕಿ ಅದೀನಿ. ನನಗೊಂದು ಟ್ರಯಲ್ ಬೇಕು” ಎಂದಳು.

ನಾನು ನಕ್ಕೆ. ಹುಲುಗಪ್ಪ ನಗಲಿಲ್ಲ. ರುಮಾಲು ಸರಿಮಾಡಿಕೊಂಡು ಕೆಳಗಿಳಿದು, “ಅಮ್ಮಾರ ಮಾತು ಖರೇ ಐತಿ. ಕೇಳಿದ ಮ್ಯಾಲ ಯಾರಿಗಾದ್ರೂ ಕೊಡಬೇಕಾಕ್ಕೈತಿ. ಎಲ್ಲಿಗೆ ಹೊಡೀಬೇಕ್ರಿ?” ಎಂದು ಹಿಂದಿನ ಬಾಗಿಲನ್ನು ತೆರೆದು ನಿಂತ. “ತೆಕ್ಕಲಕೋಟಿಗೆ” ಎಂದು ಅವಳು ಕೂತಳು. ನಾನು ಗಡಬಡಿಸಿ ಇನ್ನೊಂದು ಕಡೆಯಿಂದ ಹತ್ತಲು ಹೋದೆ. ಆಗ ಅವಳು ಗುಲಾಬಿ ಪರದೆ ಸರಿಸಿ ಹೇಳಿದ್ದನ್ನು ತಾವು ದಯವಿಟ್ಟು ಕಿವಿಗೊಟ್ಟು ಕೇಳಬೇಕು: “ಟ್ರಯಲ್‌ನಾಗ ಮಾಲೀಕರು ಕೂಡಂಗಿಲ್ರಿ. ಕ್ಯಾಲೆಂಡರ್ ಬುಡಕ ಬರದೈತಲ್ಲ, ಓದಿಲ್ಲೇನು?”

ಕಾರು ಹೋಯಿತು. ನವಿಲುಗಳೂ ಹೋದವು. ನಾನು ಬಸ್ಸಿಗೆ ಹೋದೆ, ನಿಂತುಕೊಂಡು. ತೆಕ್ಕಲಕೋಟೆ ಮುಟ್ಟಿದಾಗ ಮಾವನ ಮನೆಯ ಮುಂದೆ ಅರ್ಧ ಊರು ಸೇರಿತ್ತು. ನನ್ನಾಕೆ ಸೀಟಿನ ಮೇಲೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪರದೆ ಹೇಗೆ ಸರಿಯುತ್ತದೆಂದು ತೋರಿಸುತ್ತಿದ್ದಳು. ಕೊಟ್ರಮ್ಮನ ಗಂಡನ ಜೀಪು ಬೇಲಿಯ ಪಕ್ಕದಲ್ಲಿ ಯಾರಿಗೂ ಬೇಡವಾಗಿ ನಿಂತಿತ್ತು. ನನ್ನಾಕೆಯ ಮುಖದಲ್ಲಿ ಅಂಥ ನಗುವನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ, ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು. ಮರುಕ್ಷಣವೇ ಉರಿಯಿತು ಕೂಡ. ಏಕೆಂದರೆ ಆ ಬಾಗಿಲನ್ನು ನಾನು ತೆರೆಯಬೇಕಾಗಿತ್ತು, ತೆರೆದವನು ಹುಲುಗಪ್ಪ. ಅವನು, “ಅಮ್ಮಾರ ಟ್ರಯಲ್ ಮುಗದ ಮ್ಯಾಲ ಹೇಳಿ ಕಳಸ್ರಿ, ಆಮ್ಯಾಲ ನಂದು” ಎಂದು ನನಗೆ ಹೇಳಿ ಬಸ್ಸಿಗೆ ಊರಿಗೆ ಹೋದ.

ಇಂದು ಹಬ್ಬ ಮುಗಿಯಿತು. ಟ್ರಯಲ್ ಆಯಿತೇ, ಊರಿಗೆ ಹೋಗೋಣವೇ ಎಂದು ಮೆಲ್ಲಗೆ ಕೇಳಿದೆ. “ಕಾರು ಚಲೋ ಐತ್ರಿ. ಮಾರೋರ ಮಾತಿನ ಮ್ಯಾಲ ಮಾತ್ರ ಇನ್ನಾ ನಂಬಿಕಿ ಬರವಲ್ದು” ಎಂದಳು. ಆದ್ದರಿಂದ ಪೂಜ್ಯರಾದ ತಾವು ದಯಮಾಡಿ ತಮ್ಮ ಮುಂದಿನ ಸಂಚಿಕೆಯಲ್ಲಿ ಒಂದು ತಿದ್ದುಪಡಿ ಹೊರಡಿಸಿ, ಕೊಳ್ಳುವವರು ಹೆಂಡತಿಯಾಗಿದ್ದ ಪಕ್ಷದಲ್ಲಿ ಮಾಲೀಕನು ಮುಂದಿನ ಸೀಟಿನಲ್ಲಾದರೂ ಕೂರಬಹುದೆಂದು ಬರೆಯಬೇಕು. ಅದು ಆಗದಿದ್ದರೆ ತಾವೇ ಖುದ್ದಾಗಿ ತೆಕ್ಕಲಕೋಟೆಗೆ ದಯಮಾಡಿಸಿ, ಗ್ರಾಹಕರೆಂದು ಹೇಳಿ ಒಂದು ಟ್ರಯಲ್ ಪಡೆದು, ಆ ಕಾರನ್ನು ನನ್ನ ಮನೆಯವರೆಗೆ ಓಡಿಸಿಕೊಂಡು ಬರಬೇಕು. ನವಿಲುಗಳನ್ನು ಬಾಗಿಲಿನಿಂದ ಹಾರಿಸಿಬಿಡುವ ಮಂತ್ರವೇನಾದರೂ ಇದ್ದರೆ ಅದನ್ನೂ ಜೊತೆಗೆ ತರುವುದು. ಪೆಟ್ರೋಲಿನ ಚಿಂತೆ ತಮಗೆ ಬೇಡ, ಮೇವು ನನ್ನದೇ.

ಇಂತು, ಕಾರಿನ ಮಾಲೀಕನೂ ಬಸ್ಸಿನ ಪ್ರಯಾಣಿಕನೂ ಆದ
ತಮ್ಮ ವಿಶ್ವಾಸಿ,
ಚಿದಾನಂದಪ್ಪ

ಮರೆತ ಮಾತು: ಮುಂದಿನ ತಿಂಗಳಿಂದ ತಾವು ‘ಮನೆ ಮಾರುವವರಿಗೆ ಕಿವಿಮಾತು’ ಆರಂಭಿಸುವಿರೆಂದು ಜಾಹೀರಾತು ನೋಡಿದೆ. ಕೈಮುಗಿಯುತ್ತೇನೆ, ಬರೆಯಬೇಡಿ. ನಮಗಿರುವುದು ಒಂದೇ ಮನೆ, ಮತ್ತು ನನ್ನ ಹೆಂಡತಿ ಓದುತ್ತಾಳೆ.

ಈ ನಾಲ್ಕು ಸಾಲನ್ನು ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಕೂತು ಸೇರಿಸುತ್ತಿದ್ದೇನೆ. ಈಗಷ್ಟೇ ಹಾರ್ನ್ ಕೇಳಿಸಿತು. ಬಸ್ಸು ಬಂತೆಂದು ಜನರೆಲ್ಲ ಚೀಲ ಎತ್ತಿಕೊಂಡು ಎದ್ದರು, ನಾನೂ ಎದ್ದೆ. ಬಂದದ್ದು ನವಿಲು. ನನ್ನ ಭಾಮೈದ ಗವಿಸಿದ್ದಪ್ಪ ಓಡಿಸುತ್ತಿದ್ದ, ಹಿಂದೆ ಅಕ್ಕತಂಗಿಯರು. ಜನರು ಓಡಿ ಹೋಗಿ ಕೈ ಅಡ್ಡ ಹಿಡಿದರು, ಎಲ್ಲರಿಗಿಂತ ಮುಂದೆ ನಾನಿದ್ದೆ. ಪರದೆ ಸರಿಯಿತು. ಇಷ್ಟು ವರ್ಷ ನನ್ನ ಗಂಟಲಿನಿಂದ ಹೊರಡದೇ ಹೋದ ಮಾತನ್ನು ಅವಳು ನಗುನಗುತ್ತ ಆಡಿಬಿಟ್ಟಳು: “ಜಾಗಿಲ್ರಿ.” ಅದನ್ನು ನನ್ನನ್ನು ನೋಡಿಕೊಂಡೇ ಹೇಳಿದಳು.