ಸಾವಿರದ ನೋಟು ಮತ್ತು ಕಾರ್ಕಳದ ಹೊಟ್ಟೆನೋವು

ಹತ್ತಿರ ಬನ್ನಿ, ಮೆಲ್ಲಗೆ ಹೇಳುತ್ತೇನೆ. ಯಾರ ಹತ್ತಿರವೂ ಹೇಳಬಾರದು, ದೈವದ ಆಣೆ. ನಾನೂ ಇಷ್ಟು ವರ್ಷ ಹೇಳಿಲ್ಲ, ಅದೇ ನಾನು ಮಾಡಿದ ತಪ್ಪು. ಸರಕಾರ ದಿಲ್ಲಿಯಲ್ಲಿ ಎಂತ ಮಾಡಿದರೂ ಅದು ಸುತ್ತಿ ಬಳಸಿ ಶಂಕರಪುರದ ನನ್ನ ಜಗಲಿಗೇ ಬಂದು ಬೀಳುವುದು.

೧. ಹೊಟ್ಟೆನೋವು

ಎಪ್ಪತ್ತೆಂಟರಲ್ಲಿ ಒಂದು ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದರು, ಸಾವಿರದ ನೋಟು ಇನ್ನು ನಡೆಯುವುದಿಲ್ಲ, ಇದ್ದವರು ಮೂರು ದಿನದೊಳಗೆ ಬ್ಯಾಂಕಿಗೆ ಹೋಗಿ, ಎಲ್ಲಿಂದ ಬಂತೆಂದು ಬರೆದುಕೊಟ್ಟು ಬದಲಾಯಿಸಿಕೊಳ್ಳಬೇಕು ಅಂತ. ಎದುರುಮನೆಯ ಹಂಚಿನ ವ್ಯಾಪಾರಿ, ಒಳ್ಳೆಯದಾಯಿತು, ಕಳ್ಳರು ಸಿಕ್ಕಿಬೀಳಲಿ ಎಂದು ಬೀದಿಗೆಲ್ಲ ಕೇಳುವ ಹಾಗೆ ಭಾಷಣ ಮಾಡಿದ. ಮರುದಿನ ಅವನಿಗೆ ಹೊಟ್ಟೆನೋವು. ಉಡುಪಿ, ಮಣಿಪಾಲದಲ್ಲಿ ಅಷ್ಟು ಡಾಕ್ಟರುಗಳಿದ್ದರೂ ಕಾರ್ಕಳಕ್ಕೇ ಹೋಗಬೇಕಂತೆ. ಮದ್ದಿಗೆ ಹೋಗುವವ ಚರ್ಮದ ಚೀಲವನ್ನು ಎದೆಗೆ ಅಪ್ಪಿಕೊಂಡು ಬಸ್ಸು ಹತ್ತುತ್ತಾನಾ ಮಾರಾಯ್ರೆ?

೨. ಬಾಳೆನಾರಿನ ಕಟ್ಟು

ರೇಡಿಯೋ ಹೇಳಿದ ಸಂಜೆಯೇ ಪಕ್ಕದ ಮನೆಯವಳು ಮಲ್ಲಿಗೆ ಕಟ್ಟುವ ಬಾಳೆನಾರಿನ ಕಟ್ಟು ಹಿಡಿದು ಅಳುತ್ತಾ ಬಂದಿದ್ದಳು. ಬಿಚ್ಚಿದರೆ ಒಳಗೆ ಸಾವಿರದ ಒಂದು ನೋಟು. ವರ್ಷಗಟ್ಟಲೆ ಹೂ ಕಟ್ಟಿ ಮಗಳ ಬೆಂಡೋಲೆಗೆಂದು ಕೂಡಿಸಿದ್ದು. ಅಡಗಿಸಲು ಸುಲಭವೆಂದು ಹೂವಿನ ಏಜೆಂಟರಲ್ಲಿ ಒಂದೇ ನೋಟು ಮಾಡಿಸಿದ್ದಳು. ಗಂಡನಿಗೆ ಗೊತ್ತಾದರೆ ಅದು ಕೋಳಿ ಅಂಕದ ಜೂಜಿಗೆ. ಆ ಮನೆಯಲ್ಲಿ ಅವನು ಕೈಹಾಕದ ಜಾಗವೆಂದರೆ ನಾರಿನ ಕಟ್ಟು ಒಂದೇ.

"ಅಕ್ಕ, ನಿಮ್ಮ ಹೆಸರಲ್ಲಿ ಬದಲಾಯಿಸಿ ಕೊಡಿ. ನಿಮ್ಮ ಬಾಯಿಂದ ಮಾತ್ರ ಹೊರಗೆ ಬರಬಾರದು."

ಕಾಪುವಿನ ಬ್ಯಾಂಕಿನಲ್ಲಿ ಎಲ್ಲರೂ ಗುರ್ತದವರು. ಹಾಗಾಗಿ ಮರುದಿನ ನಾನೂ ಕಾರ್ಕಳಕ್ಕೆ ಹೋದೆ. ಸಾಲಿನಲ್ಲಿ ನನ್ನ ಮುಂದೆಯೇ ಚರ್ಮದ ಚೀಲದ ಹೊಟ್ಟೆನೋವು. ಇಬ್ಬರೂ ಗೋಡೆ ನೋಡಿದೆವು. ನೋಟೇನೋ ಬದಲಾಯಿತು, ಅವಳ ನೂರರ ನೋಟು ಹತ್ತೂ ಅವಳ ಕೈ ಸೇರಿತು. ಆದರೆ ಅವನು ಮೊದಲಿನ ಬಸ್ಸಿಗೆ ಊರು ಮುಟ್ಟಿ, ನನ್ನ ಹತ್ತಿರ ಸಾವಿರದ ನೋಟು ಉಂಟೆಂದು ಬೀದಿಗೆಲ್ಲ ಹೇಳಿ ಆಗಿತ್ತು. ನಾನು ಮನೆಗೆ ಬರುವಾಗ ಸೊಸೆ ನನ್ನ ಮರದ ಪೆಟ್ಟಿಗೆಯನ್ನೇ ನೋಡುತ್ತಾ ನಿಂತಿದ್ದಳು.

೩. ಅಳತೆ

ಕೆಲವು ತಿಂಗಳ ನಂತರ ಮಣಿಪಾಲದಿಂದ ಕಾಲೇಜಿನ ಹುಡುಗಿಯೊಬ್ಬಳು ಬಂದಳು. ಸರಕಾರದ ದಿಢೀರ್ ಆಜ್ಞೆಯಿಂದ ಜನರಿಗೆ ಎಷ್ಟು ಪರಿಣಾಮವಾಯಿತೆಂದು ಅಳೆಯಲಿಕ್ಕಂತೆ. ಹಂಚಿನ ವ್ಯಾಪಾರಿ ಅಂಥ ನೋಟು ಕಣ್ಣಲ್ಲೇ ಕಂಡಿಲ್ಲ ಅಂದ. ಬರೆದಳು, ಸೊನ್ನೆ. ಇಡೀ ಬೀದಿ ಸೊನ್ನೆ. ಕೊನೆಗೆ ನನ್ನ ಜಗಲಿ. ಅಲ್ಲಿ ನನ್ನ ಸೊಸೆ, ಪಕ್ಕದ ಮನೆಯವಳು, ಅವಳ ಗಂಡ ಎಲ್ಲರೂ ಇದ್ದರು. ಮಗಳ ಕಿವಿಗೆ ಹೊಸ ಬೆಂಡೋಲೆ ಎಲ್ಲಿಂದ ಬಂತೆಂದು ಆ ಗಂಡ ಹೆಂಡತಿಯನ್ನು ಆಗಲೇ ಎರಡು ಸಲ ಕೇಳಿ ಆಗಿತ್ತು.

ನಮ್ಮಲ್ಲೂ ಇರಲಿಲ್ಲ ಎಂದೆ.

ಪಕ್ಕದ ಮನೆಯವಳು ಕೈಯ ಹೂವು ಕೆಳಗಿಟ್ಟು, ಗಂಡನ ಕಡೆಗೊಮ್ಮೆ ನೋಡಿ, ನನ್ನ ಮುಖಕ್ಕೇ ಹೇಳಿದಳು: "ಸುಳ್ಳು ಬರೆಸಬೇಡಿ ಅಕ್ಕ. ಬೀದಿಯಲ್ಲಿ ಸಾವಿರದ ನೋಟು ಇದ್ದದ್ದು ನಿಮ್ಮೊಬ್ಬರ ಹತ್ತಿರ ಅಲ್ವಾ? ನನ್ನ ಮಗಳಿಗೆ ಬೆಂಡೋಲೆ ಕೊಡಿಸಿದ್ದೂ ನೀವೇ ಅಲ್ವಾ? ಪೆಟ್ಟಿಗೆಯಲ್ಲಿ ಇನ್ನೂ ಎಷ್ಟುಂಟೆಂದು ಈ ಹುಡುಗಿಗಾದರೂ ಹೇಳಿ."